ವರ್ಗದ ಆಜ್ಞೆಯೂ ಉಣ್ಣೆಯ ಕಾಲುಚೀಲವೂ



ವರ್ಗವೆಂದರೆ ವ್ಯಾಕರಣದಲ್ಲಿ ಅಕ್ಷರಗಳ ಗುಂಪು; ಗಣಿತದಲ್ಲಿ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವ ಫಲ. ನೌಕರಿಯಲ್ಲಿರುವವರಿಗೆ ಮಾತ್ರ ಈ ಎರಡಕ್ಷರದ ಅರ್ಥವೇ ಬೇರೆ. ಇದ್ದ ಊರನ್ನು ಬಿಟ್ಟು ಇಲ್ಲದ ಊರಿಗೆ ಹೋಗತಕ್ಕದ್ದು ಎಂಬುದೇ ಆ ಅರ್ಥ. ಇದು ಮರಣದಷ್ಟು ದೊಡ್ಡ ವಿಪತ್ತೇನೂ ಅಲ್ಲ. ಊಟ ನಿಲ್ಲುವುದಿಲ್ಲ, ಸಂಬಳವೂ ನಿಲ್ಲುವುದಿಲ್ಲ. ಆದಕಾರಣ ಇದಕ್ಕಾಗಿ ದುಃಖಪಡುವವರ ಮೇಲೆ ಲೋಕಕ್ಕೆ ಹೆಚ್ಚಿನ ಕನಿಕರವೂ ಇಲ್ಲ. ಹೇಳಿಕೊಂಡರೆ ನಗೆಪಾಟಲು, ಹೇಳಿಕೊಳ್ಳದಿದ್ದರೆ ನಿದ್ರೆಯಿಲ್ಲ. ಇಂಥ ಅರೆಪಾಲಿನ ಸಂಕಟಗಳಿಗೆ ತಕ್ಕ ಒಂದು ಸಣ್ಣ ಉಪಾಯವನ್ನು ಕುರಿತು ಈ ಹೊತ್ತು ಮಾತನಾಡಬೇಕೆಂದಿದ್ದೇವೆ. ಉಪಾಯವು ಕಾಲುಚೀಲ ಹೆಣೆಯುವುದು.

ಗಂಡಸರಿಗೆ, ಅದರಲ್ಲಿಯೂ ಕಾಲೇಜಿನಲ್ಲಿ ಪಾಠ ಹೇಳುವವರಿಗೆ, ಇದು ತಕ್ಕ ಕೆಲಸವೇ ಎಂದು ಕೇಳುವವರುಂಟು. ಅವರಿಗೆ ಮೊದಲು ಉತ್ತರ ಹೇಳಿಬಿಡೋಣ. ಫ್ರಾನ್ಸ್ ದೇಶದ ಲಾಂದ್ ಎಂಬ ಜೌಗು ಸೀಮೆಯಲ್ಲಿ ಹಿಂದೆ ಕುರುಬರು ಮರಗಾಲು ಕಟ್ಟಿಕೊಂಡು ಮಂದೆಯನ್ನು ಕಾಯುತ್ತಿದ್ದರು. ಆ ಎತ್ತರದಲ್ಲಿ ನಿಂತು, ಉದ್ದನೆಯ ಕೋಲೊಂದನ್ನು ಬೆನ್ನಿಗೆ ಊರೆಕೊಟ್ಟುಕೊಂಡು, ಕಣ್ಣು ಕುರಿಗಳ ಮೇಲೆ, ಕೈ ಹೆಣಿಗೆಯ ಮೇಲೆ ಇಟ್ಟು ಹೊತ್ತು ಕಳೆಯುತ್ತಿದ್ದರು. ಪೆರು ದೇಶದ ಟಿಟಿಕಾಕಾ ಸರೋವರದ ನಡುವೆ ತಕೀಲೆ ಎಂಬ ದ್ವೀಪವಿದೆ. ಅಲ್ಲಿ ಹೆಂಗಸರು ನೇಯುವರು, ಗಂಡಸರು ಹೆಣೆಯುವರು. ಆ ದ್ವೀಪದ ಜವಳಿಯ ಕಲೆಯನ್ನು ಯುನೆಸ್ಕೋ ಸಂಸ್ಥೆಯು 2005ರಲ್ಲಿ ಮನುಕುಲದ ಆಸ್ತಿಯೆಂದು ಸಾರಿತು. ನಮ್ಮಲ್ಲಿಯೂ ಉಣ್ಣೆಯು ಗಂಡಸರ ಕೈಗೆ ಹೊಸದಲ್ಲ. ಕಂಬಳಿಯನ್ನು ನೇಯ್ದವರ ನಾಡಿದು. ಆದರೆ ನಮ್ಮ ಬಯಲುಸೀಮೆಯ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದೇ ಗುಣ, ಪಾದಕ್ಕೆ ಅದೇ ದೋಷ.

ಕಾಲುಚೀಲದ ವಂಶವೂ ಸಾಮಾನ್ಯವಾದುದಲ್ಲ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಈಜಿಪ್ಟಿನ ಮಣ್ಣಿನಿಂದ ತೆಗೆದ ಒಂದು ಜೊತೆ ಕೆಂಪು ಉಣ್ಣೆಯ ಕಾಲುಚೀಲಗಳಿವೆ. ಅವು ಸುಮಾರು 1,600 ವರ್ಷಗಳ ಹಿಂದಿನವು. ಹೆಬ್ಬೆರಳಿಗೆ ಒಂದು ಮನೆ, ಉಳಿದ ಬೆರಳುಗಳಿಗೆ ಇನ್ನೊಂದು ಮನೆ. ಚಪ್ಪಲಿಯ ಉಂಗುಟದ ಬಾರು ನಡುವೆ ಕೂರಲೆಂದು ಹಾಗೆ ಮಾಡಿದ್ದಾರೆ. ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟುವುದನ್ನು ಕಂಡು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಇವನ್ನು ಎರಡು ಕಡ್ಡಿಗಳಿಂದ ಹೆಣೆದದ್ದಲ್ಲ, ಒಂದೇ ಸೂಜಿಯಿಂದ ಕುಣಿಕೆ ಹಾಕಿ ಮಾಡಿದ್ದು. ಕಡ್ಡಿಯ ಹೆಣಿಗೆ ಅದಕ್ಕೆ ಎಷ್ಟೋ ಶತಮಾನಗಳ ಅನಂತರ ಬಂದಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತನು ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದನು. ಅಲ್ಲಿಂದ ಮುಂದೆ ಕೈಯ ಹೆಣಿಗೆ ಕ್ರಮೇಣ ಹೊಟ್ಟೆಪಾಡಿನಿಂದ ದೂರವಾಗಿ ಮನಸ್ಸಿನ ಪಾಡಿಗೆ ಹತ್ತಿರವಾಯಿತು ಎನ್ನಬಹುದು. ಇಂದು ಅಂಗಡಿಯಲ್ಲಿ ಒಂದು ಜೊತೆಯನ್ನು ಕೊಳ್ಳುವ ಹಣಕ್ಕೆ ಒಳ್ಳೆಯ ಉಣ್ಣೆಯ ಅರ್ಧ ಉಂಡೆಯೂ ಬಾರದು. ಆದುದರಿಂದ ಉಳಿತಾಯದ ಮಾತನ್ನು ನಾವು ಎತ್ತುವುದಿಲ್ಲ.

ಈ ಬೇಸಗೆಯಲ್ಲಿ ನಮಗೆ ಮೈಸೂರಿನಿಂದ ಮಡಿಕೇರಿಗೆ ವರ್ಗವಾಯಿತು. ದೂರ ಹೆಚ್ಚಿಲ್ಲ, ನೂರಿಪ್ಪತ್ತು ಕಿಲೋಮೀಟರುಗಳಷ್ಟು. ಆದರೆ ಮನೆಯನ್ನು ಎರಡಾಗಿ ಒಡೆಯುವುದಕ್ಕೆ ಅಷ್ಟು ಸಾಕು. ಮನೆಯವರಿಗೆ ಮೈಸೂರಿನಲ್ಲಿಯೇ ಕೆಲಸ. ಮಗಳಿಗೆ ಪರೀಕ್ಷೆಯ ವರ್ಷ. ತಾಯಿಯವರಿಗೆ ಎಪ್ಪತ್ತಾರು, ಮಂಡಿಯ ನೋವು, ಮಡಿಕೇರಿಯ ಚಳಿಗೆ ಬರಲಾರರು. ಮೊದಲು ಬಂದ ಆಜ್ಞೆ ಏಳು ದಿನಗಳಲ್ಲಿ ಹಾಜರಾಗತಕ್ಕದ್ದೆಂದಿತು. ಐದನೆಯ ದಿನ ಅದಕ್ಕೆ ತಡೆ ಬಂದಿತು. ಮೂರು ವಾರಗಳಾದ ಮೇಲೆ ತಡೆ ತೆರವಾಯಿತೆಂದು ತಿಳಿಯಿತು. ಲಿಖಿತವಾದ ಪ್ರತಿ ಮಾತ್ರ ಬರಲಿಲ್ಲ. ಹೀಗೆ ಏಳು ವಾರಗಳ ಕಾಲ ನಾವು ಎಲ್ಲಿಯವರೆಂಬುದು ನಮಗೇ ನಿಶ್ಚಯವಿರಲಿಲ್ಲ. ಗಂಟು ಕಟ್ಟಿದ ಪುಸ್ತಕಗಳನ್ನು ಬಿಚ್ಚುವುದೋ ಬೇಡವೋ, ಮಡಿಕೇರಿಯಲ್ಲಿ ನೋಡಿದ ಮನೆಗೆ ಮುಂಗಡ ಕೊಡುವುದೋ ಬೇಡವೋ, ಕೊನೆಗೆ ಕೆಲಸವನ್ನೇ ಬಿಡುವುದೋ ಬೇಡವೋ! ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಅರ್ಜಿಯ ವಾಕ್ಯಗಳನ್ನು ಮನಸ್ಸಿನಲ್ಲಿಯೇ ತಿದ್ದುವ ಅಭ್ಯಾಸ ಹತ್ತಿತು.

ಹೀಗಿರುವಾಗ ಒಂದು ದಿನ ನಮ್ಮ ತಾಯಿಯವರು ತಮ್ಮ ಕಬ್ಬಿಣದ ಪೆಟ್ಟಿಗೆಯಿಂದ ಐದು ಉಕ್ಕಿನ ಕಡ್ಡಿಗಳನ್ನೂ ಬೂದುಬಣ್ಣದ ಎರಡು ಉಂಡೆ ಉಣ್ಣೆಯನ್ನೂ ತೆಗೆದು ಮುಂದಿಟ್ಟರು. ಅವರು ಮಿಷನ್ ಶಾಲೆಯಲ್ಲಿ ಓದಿದವರು. ಅಲ್ಲಿ ಓದುಬರಹದೊಡನೆ ಹೆಣಿಗೆಯನ್ನೂ ಕಲಿಸುತ್ತಿದ್ದರು. ನಾವು ಬಾಲಕರಾಗಿದ್ದಾಗ ಅವರ ಎದುರು ಕುಳಿತು ಎರಡು ಕೈಗಳಲ್ಲಿ ಲಡಿಯನ್ನು ಹಿಡಿದವರು, ಆಮೇಲೆ ನೋಡಿ ನೋಡಿ ಕಲಿತವರು. "ಮಗು, ಮಡಿಕೇರಿಗೆ ಹೋದರೂ ಬೇಕು, ಹೋಗದಿದ್ದರೂ ಕೆಡದು. ನಿನ್ನ ಕಾಲಿಗೆ ನೀನೇ ಹೆಣೆದುಕೋ" ಎಂದರು. ಸಮಾಧಾನದ ಮಾತು ಇನ್ನೊಂದನ್ನೂ ಆಡಲಿಲ್ಲ.

ಹೆಣೆಯದವರಿಗಾಗಿ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಏಕೆಂದರೆ ನೆಮ್ಮದಿಯು ಆ ಕ್ರಮದಲ್ಲಿಯೇ ಇದೆ. ಸಾಧಾರಣವಾದ ಪಾದಕ್ಕೆ 64 ಕುಣಿಕೆಗಳು. ಅವನ್ನು ನಾಲ್ಕು ಕಡ್ಡಿಗಳಿಗೆ ಹದಿನಾರು ಹದಿನಾರಾಗಿ ಹಂಚಿ ಐದನೆಯ ಕಡ್ಡಿಯಿಂದ ಹೆಣೆಯುತ್ತ ಹೋಗಬೇಕು. ಮೇಲಿನ ಪಟ್ಟಿ ಜಾರದಂತೆ ಎರಡು ಕುಣಿಕೆ ಮುಂದಕ್ಕೆ, ಎರಡು ಹಿಂದಕ್ಕೆ. ಅದಾದ ಮೇಲೆ ಕಣಕಾಲಿನವರೆಗೆ ಬರಿಯ ಸುತ್ತು. ಈ ಭಾಗದಲ್ಲಿ ಬುದ್ಧಿಗೆ ಕೆಲಸವಿಲ್ಲ. ಕಚೇರಿಯ ಜಗಲಿಯಲ್ಲಿ ಸಾಹೇಬರಿಗಾಗಿ ಕಾಯುವಾಗ, ಬಸ್ಸು ಪಿರಿಯಾಪಟ್ಟಣವನ್ನು ದಾಟುವಾಗ, ಕೈ ತಾನೇ ನಡೆಯುತ್ತದೆ.

ಹಿಮ್ಮಡಿಯ ಹತ್ತಿರ ಬಂದಾಗ ಎಲ್ಲವೂ ಬದಲಾಗುತ್ತದೆ. ಕೊಳವೆಯಂತೆ ನೆಟ್ಟಗೆ ಇಳಿಯುತ್ತಿದ್ದುದನ್ನು ಈಗ ತಿರುಗಿಸಬೇಕು. ಅರ್ಧದಷ್ಟು, ಎಂದರೆ 32 ಕುಣಿಕೆಗಳನ್ನು, ಹಾಗೆಯೇ ಕಡ್ಡಿಗಳ ಮೇಲೆ ಬಿಟ್ಟು, ಉಳಿದ 32ರಲ್ಲಿ ಹಿಂದಕ್ಕೂ ಮುಂದಕ್ಕೂ 32 ಸಾಲುಗಳನ್ನು ಹೆಣೆದರೆ ಒಂದು ಚೌಕದಂಥ ತುಂಡಾಗುತ್ತದೆ. ಅನಂತರ ನಡುವಿನಿಂದ ಸ್ವಲ್ಪ ದೂರ ಹೋಗಿ, ಎರಡನ್ನು ಒಂದುಮಾಡಿ, ಸಾಲು ಮುಗಿಯುವ ಮೊದಲೇ ಹಿಂತಿರುಗಬೇಕು. ಆ ಕಡೆಗೂ ಹಾಗೆಯೇ. ಪ್ರತಿಸಲವೂ ಒಂದು ಹೆಜ್ಜೆ ಹೆಚ್ಚು. ಹೀಗೆ 32 ಕುಣಿಕೆಗಳು 18 ಆಗುವ ವೇಳೆಗೆ, ಚಪ್ಪಟೆಯಾದ ಬಟ್ಟೆ ಬಟ್ಟಲಿನಂತೆ ಬಾಗಿ ಹಿಮ್ಮಡಿಯ ಆಕಾರ ತಾಳಿರುತ್ತದೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಎಷ್ಟು ಸಲ ಮಾಡಿದರೂ ನಮಗೆ ಇದು ಕಣ್ಕಟ್ಟಿನಂತೆಯೇ ಕಾಣುತ್ತದೆ. ಆಮೇಲೆ ಎರಡು ಅಂಚುಗಳಿಂದ ಹದಿನಾರು ಹದಿನಾರು ಕುಣಿಕೆಗಳನ್ನು ಎತ್ತಿಕೊಂಡು ಎಲ್ಲವನ್ನೂ ಕೂಡಿಸಿದರೆ 82. ಸುತ್ತು ಬಿಟ್ಟು ಸುತ್ತಿಗೆ ಎರಡೆರಡನ್ನು ಕಳೆಯುತ್ತ ಬಂದರೆ ಒಂಬತ್ತು ಸಲದಲ್ಲಿ ಮತ್ತೆ 64. ಲೆಕ್ಕ ಕೂಡಿತು!

ಆ ವಾರಗಳಲ್ಲಿ ಕೂಡಿದ ಲೆಕ್ಕ ನಮ್ಮ ಬಾಳಿನಲ್ಲಿ ಅದೊಂದೇ. ಹಿಮ್ಮಡಿ ತಿರುಗಿಸುವಾಗ ಎಣಿಕೆಯನ್ನು ಬಿಟ್ಟು ಬೇರೆ ಯಾವುದನ್ನೂ ನೆನೆಯುವುದು ಸಾಧ್ಯವಿಲ್ಲ. ಅರ್ಜಿಯ ವಾಕ್ಯಕ್ಕೆ ಅಲ್ಲಿ ಎಡೆಯಿಲ್ಲ. ಅರ್ಧ ಗಂಟೆ ಕಳೆದು ತಲೆಯೆತ್ತಿದಾಗ ಹಿಮ್ಮಡಿ ಮುಗಿದಿರುತ್ತದೆ. ಎದೆಯ ಬಡಿತವೂ ಇಳಿದಿರುತ್ತದೆ. ಸ್ವೆಟರಿನಂಥ ದೊಡ್ಡ ಕೆಲಸಕ್ಕೆ ಈ ಗುಣವಿಲ್ಲವೆಂದು ನಮ್ಮ ಅಭಿಪ್ರಾಯ. ಅದು ಚೀಲದಲ್ಲಿ ಹಿಡಿಸುವುದಿಲ್ಲ. ಬೇಗ ಮುಗಿಯುವುದೂ ಇಲ್ಲ. ಮುಗಿಯದ ಕೆಲಸಗಳ ಪಟ್ಟಿಗೆ ಇನ್ನೊಂದನ್ನು ಸೇರಿಸುತ್ತದೆ, ಅಷ್ಟೆ. ಕಾಲುಚೀಲವಾದರೋ ಅಂಗಿಯ ಜೇಬಿನಷ್ಟರದು. ಒಂದರಲ್ಲಿ ಸುಮಾರು ಹತ್ತು ಸಾವಿರ ಕುಣಿಕೆಗಳಿದ್ದರೂ ಹೆಣೆಯುವವನಿಗೆ ಕಾಣುವುದು ಒಂದು ಸಮಯಕ್ಕೆ ಹದಿನಾರು ಮಾತ್ರ.

ವಿದ್ವಾಂಸರೂ ಈ ವಿಷಯವನ್ನು ವಿಚಾರಿಸಿದ್ದಾರೆ. ಹಾರ್ವರ್ಡಿನ ವೈದ್ಯ ಹರ್ಬರ್ಟ್ ಬೆನ್ಸನ್ 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದು ಶಬ್ದವನ್ನೋ ಪ್ರಾರ್ಥನೆಯನ್ನೋ ಮತ್ತೆ ಮತ್ತೆ ಆವರ್ತಿಸುತ್ತ, ನಡುವೆ ಬರುವ ಯೋಚನೆಗಳನ್ನು ಲಕ್ಷಿಸದೆ ಬಿಟ್ಟರೆ ದೇಹವು ಉದ್ವೇಗಕ್ಕೆ ವಿರುದ್ಧವಾದ ಶಾಂತಸ್ಥಿತಿಗೆ ಬರುತ್ತದೆಂದು ತೋರಿಸಿದನು. ಜಪಮಾಲೆಯನ್ನು ಬಲ್ಲ ನಮ್ಮವರಿಗೆ ಇದು ಅಚ್ಚರಿಯಲ್ಲ. 2013ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಹಲವು ದೇಶಗಳ 3,545 ಮಂದಿ ಹೆಣೆಯುವವರನ್ನು ಪ್ರಶ್ನಿಸಿದ ಪರಿಶೀಲನೆಯೊಂದು ಹೊರಬಂದಿತು. ಹೆಚ್ಚು ಹೆಚ್ಚಾಗಿ ಹೆಣೆಯುವವರು ತಾವು ಹೆಚ್ಚು ಶಾಂತರೂ ಸಂತುಷ್ಟರೂ ಆಗಿರುವುದಾಗಿ ಹೇಳಿದರು. ಆದರೆ ಹೆಣಿಗೆಯನ್ನು ಒಲಿದವರನ್ನೇ ಹೆಣಿಗೆ ಒಳ್ಳೆಯದೇ ಎಂದು ಕೇಳಿದರೆ ಬೇರೆ ಉತ್ತರ ಹೇಗೆ ಬಂದೀತು? ಒಲ್ಲದೆ ಬಿಟ್ಟವರು ಆ ಲೆಕ್ಕದಲ್ಲಿ ಇಲ್ಲ.

ಒಲ್ಲದವರ ಸಾಕ್ಷ್ಯವು ಬೇಕೆನ್ನುವವರಿಗೆ ಇಂಗ್ಲಿಷ್ ಸಾಹಿತ್ಯದಲ್ಲಿ ಅದು ದೊರೆಯುತ್ತದೆ. ಕವಿ ರಾಬರ್ಟ್ ಸದಿಯ 'ದಿ ಡಾಕ್ಟರ್' ಎಂಬ ವಿಚಿತ್ರ ಗ್ರಂಥದಲ್ಲಿ ಡೆಂಟ್ ಎಂಬ ಉತ್ತರದ ಕಣಿವೆಯ "ಘೋರ ಹೆಣಿಗೆಯವರ" ಕಥೆಯೊಂದಿದೆ. ಘೋರವೆಂಬುದು ಆ ಸೀಮೆಯ ಮಾತಿನಲ್ಲಿ ಹೊಗಳಿಕೆ. ನಮ್ಮ ಹಳ್ಳಿಯವರು "ಭಯಂಕರ ಕೆಲಸಗಾರ" ಎನ್ನುವ ಹಾಗೆ. ಅಲ್ಲಿ ಮನೆಮಂದಿಯೆಲ್ಲ, ಗಂಡು ಹೆಣ್ಣು ಭೇದವಿಲ್ಲದೆ, ಒಲೆಯ ಸುತ್ತ ಕುಳಿತು ಮೈಯನ್ನು ತೂಗುತ್ತ ಹೆಣೆಯುತ್ತಿದ್ದರು. ಲ್ಯಾಂಗ್‌ಡೇಲ್ ಕಡೆಯ ಏಳೆಂಟು ವರ್ಷದ ಒಬ್ಬ ಹುಡುಗಿಯನ್ನೂ ಅವಳ ತಂಗಿಯನ್ನೂ ಹೆಣಿಗೆ ಕಲಿಯಲೆಂದು ಡೆಂಟಿಗೆ ಕಳುಹಿದರು. ಮಕ್ಕಳಿಗೆ ಊರು ಸೇರಲಿಲ್ಲ, ಊಟ ಸೇರಲಿಲ್ಲ. ಅವರು ಗುಟ್ಟಾಗಿ ಹೊರಟು, ದಾರಿಯಲ್ಲಿ ಸಿಕ್ಕವರ ದಯೆಯಿಂದ ಬೆಟ್ಟಗಳನ್ನು ನಡೆದು ದಾಟಿ, ತಾಯಿಯ ಮನೆಯ ಬಾಗಿಲನ್ನು ತಟ್ಟಿದರು. ಮುದುಕಿಯಾದ ಮೇಲೂ ಆ ಅಕ್ಕ ಅದನ್ನು ಮರೆಯದೆ ಹೇಳಿದ್ದಾಳೆ.

ಈ ಕಥೆಯನ್ನು ನಾವು ತರಗತಿಯಲ್ಲಿ ಹಲವು ಸಲ ಹೇಳಿದ್ದುಂಟು; ಭಾಷೆಯ ಬೆಡಗಿಗಾಗಿ ಹೇಳುತ್ತಿದ್ದೆವು. ಈ ವರ್ಷ ಓದಿದಾಗ ಬೇರೊಂದು ಕಂಡಿತು. ಆ ಮಕ್ಕಳ ಕೈಯಲ್ಲಿದ್ದುದೂ ಇದೇ ಉಣ್ಣೆ, ಇದೇ ಕಡ್ಡಿ, ಇದೇ ಎಣಿಕೆ. ಆದರೆ ಅವರಿಗೆ ಹೆಣಿಗೆಯೇ ವರ್ಗದ ಆಜ್ಞೆಯಾಗಿತ್ತು. ಗಾಂಧೀಜಿಯವರು ನೂಲುವುದನ್ನು ಯಜ್ಞವೆಂದರು. ಸೆರೆಮನೆಯಲ್ಲಿ ಅದನ್ನೇ ದಂಡನೆಯಾಗಿ ವಿಧಿಸಿದರೆ ಅದು ಯಜ್ಞವಾಗಲಾರದು. ನಮ್ಮ ಬಾಳಿನ ದೊಡ್ಡ ವಿಷಯಗಳನ್ನೆಲ್ಲ ಬೇರೆಯವರು ನಿರ್ಧರಿಸುತ್ತಿರುವಾಗ, ಕಾಲುಚೀಲದ ಉದ್ದವನ್ನು ನಾವೇ ನಿರ್ಧರಿಸಬಹುದು ಎಂಬುದರಲ್ಲಿಯೇ ಅದರ ಸುಖವೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ.

ಮಹನೀಯರೊಬ್ಬರು, ಹೆಣೆಯುತ್ತ ಕುಳಿತರೆ ಅನ್ಯಾಯವನ್ನು ಸಹಿಸುವ ಅಭ್ಯಾಸವಾಗುವುದಿಲ್ಲವೇ ಎಂದು ನಮ್ಮನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದು. ಹೆಣಿಗೆ ಶಾಂತಿಯ ಸೊತ್ತೇ ಎಂದು ಯಾರೂ ಬರೆದುಕೊಟ್ಟಿಲ್ಲ. ಡಿಕನ್ಸನು 1859ರಲ್ಲಿ ಬರೆದ ಕಾದಂಬರಿಯ ಮದಾಮ್ ಡಿಫಾರ್ಜ್ ಸಾಯಬೇಕಾದವರ ಹೆಸರುಗಳನ್ನೇ ಹೆಣಿಗೆಯಲ್ಲಿ ದಾಖಲೆಮಾಡುತ್ತಾಳೆ. ನಾವು ಅಷ್ಟು ದೂರ ಹೋಗಲಿಲ್ಲವಾದರೂ ಅರ್ಜಿಯನ್ನು ಬಿಡಲಿಲ್ಲ. ಕೈಗೆ ಕೆಲಸ ಹತ್ತಿದ ಮೇಲೆ ಬರೆದ ಅರ್ಜಿ ಒಂದೂವರೆ ಪುಟಕ್ಕೆ ಇಳಿಯಿತು. ಮೊದಲು ಬರೆದದ್ದು ಒಂಬತ್ತು ಪುಟ. ತಾಯಿಯವರ ವಯಸ್ಸು, ಮಗಳ ಪರೀಕ್ಷೆ, ನಮ್ಮ ಸೇವೆಯ ವರ್ಷಗಳು, ಇಷ್ಟೇ ಅದರಲ್ಲಿದ್ದವು.

ಲಿಖಿತ ಪ್ರತಿ ಕೊನೆಗೂ ಬಂದಿತು. ಜೂನ್ ತಿಂಗಳ ಮಳೆಯಲ್ಲಿ ನಾವು ಮಡಿಕೇರಿಯಲ್ಲಿ ಹಾಜರಾದೆವು. ಅಲ್ಲಿ ಒಗೆದ ಹತ್ತಿಯ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಉಣ್ಣೆಯ ಸ್ವಭಾವ ಬೇರೆ. ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಅದು ಕಾಲಿಗೆ ಒದ್ದೆಯೆನಿಸುವುದಿಲ್ಲ. ಆದರೆ ಬಿಸಿನೀರಿಗೆ ಹಾಕಿ ತಿಕ್ಕಬಾರದು; ಕುಗ್ಗಿ ಗಟ್ಟಿಯಾಗಿ ಮಗುವಿನ ಕಾಲಿಗೂ ಆಗದಂತಾಗುತ್ತದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ಟವಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರಡಬೇಕು.

ಬೂದುಬಣ್ಣದ ಜೊತೆ ಈಗ ನಮ್ಮ ಕಾಲಿನಲ್ಲಿದೆ. ಶನಿವಾರದ ಬಸ್ಸುಗಳಲ್ಲಿ ತಾಯಿಯವರಿಗೆಂದು ಕೆಂಪು ಉಣ್ಣೆಯದೊಂದನ್ನು ಹೆಣೆಯುತ್ತಿದ್ದೇವೆ. ಅವರ ಪಾದ ಸಣ್ಣದು, 56 ಕುಣಿಕೆ ಸಾಕು. ಒಂದು ಕಾಲಿನದು ಮುಗಿದಿದೆ. ಮನೆಗೆ ಹೋದಾಗಲೆಲ್ಲ ಅವರು ಕಡ್ಡಿಗಳನ್ನು ಕೈಗೆ ತೆಗೆದುಕೊಂಡು, ಕನ್ನಡಕವನ್ನು ಮೇಲೆ ಸರಿಸಿ, ಅಂಚನ್ನು ಬೆರಳಿನಿಂದ ತಡವಿ ನೋಡುತ್ತಾರೆ. ಅರ್ಜಿಗೆ ಏನು ಉತ್ತರ ಬಂದಿತೆಂದು ಆಮೇಲೆ ಕೇಳುತ್ತಾರೆ. ಅದಿನ್ನೂ ಬಂದಿಲ್ಲ.