ಸೇತುವೆಯ ನಾಡಿ



ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮಳೆಗಾಲಕ್ಕೆ ಮುನ್ನ ಅಡಿಕೆ ಮರದ ಕಾಲುಸಂಕವನ್ನು ತುಳಿದು ನೋಡಿ, ಮೆತ್ತಗಾದ ದಬ್ಬೆಯನ್ನು ಬದಲಿಸುವುದು ರೂಢಿ. ಕಾಂಕ್ರೀಟು ಸೇತುವೆಗೆ ಮಾತ್ರ ಉದ್ಘಾಟನೆಯ ನಂತರ ಆ ಭಾಗ್ಯವೂ ದುರ್ಲಭ.

2021ರ ಜುಲೈ ನೆರೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆಯನ್ನು ಗಂಗಾವಳಿ ಕೊಚ್ಚಿಕೊಂಡು ಹೋಯಿತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ–ಸದಾಶಿವಗಡಗಳ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗುರುಳಿತು. ಚಾಲಕ ಬದುಕಿದ್ದು ಪುಣ್ಯ.

ಎಲ್ಲ ಕುಸಿತಕ್ಕೂ ಕಾರಣ ಒಂದೇ ಅಲ್ಲ. ಮಲೆನಾಡಿನ ಹೊಳೆಗಳಲ್ಲಿ ಹೆಚ್ಚು ಅಂಜಬೇಕಾದದ್ದು ಕಂಬದ ಬುಡದ ಕೊರೆತಕ್ಕೆ. ನೆರೆಯ ಸುಳಿ ಅಲ್ಲಿನ ಮರಳನ್ನು ಅಗೆದೊಯ್ಯುತ್ತದೆ. ನೀರಿಳಿದಂತೆ ಹೂಳು ಬಂದು ಗುಂಡಿ ಮುಚ್ಚುತ್ತದೆ. ಬೇಸಗೆಯಲ್ಲಿ ಬಂದು ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ತೋರುತ್ತದೆ.

ಆದ್ದರಿಂದಲೇ ಇಂದಿನ ಸಂಶೋಧನೆ ಸೇತುವೆಯ ಕಂಪನವನ್ನು ಆಲಿಸುತ್ತಿದೆ. ಪ್ರತಿ ಸೇತುವೆಗೂ ಸೆಕೆಂಡಿಗೆ ಇಂತಿಷ್ಟು ಬಾರಿ ಎಂಬ ಸಹಜ ಕಂಪನವುಂಟು. ಬುಡ ಸಡಿಲಿದರೆ, ಬಿರುಕು ಬೆಳೆದರೆ ಅದು ನಿಧಾನವಾಗುತ್ತದೆ. ಹಲಸಿನಕಾಯಿ ಬಡಿದು ಬಲಿತದ್ದನ್ನು ತಿಳಿಯುವ ಗೃಹಿಣಿಗೆ ಇದೇನೂ ಹೊಸ ವಿದ್ಯೆಯಲ್ಲ. ತೊಡಕೂ ಇದೆ: ಬಿಸಿಲೇರಿದರೂ ಕಂಪನ ತುಸು ಬದಲಾಗುತ್ತದೆ. ವರ್ಷವಿಡೀ ಅಳೆದ ದಾಖಲೆಯಿಲ್ಲದಿದ್ದರೆ ಸಂವೇದಕವೆಂಬುದು ಬರಿಯ ಆಟಿಕೆ.

ಹಳ್ಳಿಯ ಸಣ್ಣ ಸೇತುವೆಗೆ ಈ ಯಂತ್ರ ಯಾವಾಗ ಬಂದೀತು? ಅಲ್ಲಿಯವರೆಗೆ ವಿದ್ಯಾರ್ಥಿಗಳು ನೀರಿಳಿದ ಮೇಲೆ ಕಂಬದಲ್ಲಿ ನೆರೆಮಟ್ಟದ ಗೆರೆ ಬರೆಯಬಹುದು. ಮಳೆಗೆ ಮುನ್ನ ಮತ್ತು ನಂತರ ಒಂದೇ ಜಾಗದಿಂದ ಚಿತ್ರ ತೆಗೆದು, ಬಿರುಕಿನ ತುದಿಯಲ್ಲಿ ದಿನಾಂಕ ಗುರುತಿಸಿ, ಗ್ರಾಮ ಪಂಚಾಯ್ತಿಗೆ ಲಿಖಿತವಾಗಿ ಒಪ್ಪಿಸಬಹುದು. ಉಕ್ಕಿದ ಹೊಳೆಯ ಮೇಲೆ ಸೇತುವೆ ನಡುಗಿದಂತೆನಿಸಿದ ದಿನ ಶಾಲೆಯ ಮಕ್ಕಳನ್ನು ದಾಟಿಸಬಾರದು.