ಆಪರೇಷನ್ ಪಟ್ಟಿಯಲ್ಲಿ ನಿಮ್ಮ ಸರದಿ



ಮುಂಬೈಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆಲ್ಲ ಇದು ಗೊತ್ತಿರುವ ಸಂಗತಿ. ಕಲಬುರಗಿಯಿಂದಲೋ ಹುಬ್ಬಳ್ಳಿಯಿಂದಲೋ ಚಿಕ್ಕಪ್ಪ ಬರುತ್ತಾರೆ, ಕಂಕುಳಲ್ಲಿ ಎಕ್ಸ್‌ರೇ ಲಕೋಟೆ. ದೊಡ್ಡ ಆಪರೇಷನ್ನಿಗೆ ಅಂತೂ ಇಂತೂ ತಾರೀಕು ಸಿಕ್ಕಿದೆ. ನೀವು ರಜೆ ಹಾಕಿದ್ದೀರಿ. ಹಿಂದಿನ ರಾತ್ರಿಯಿಂದ ಅವರು ಉಪವಾಸ. ಬೆಳಿಗ್ಗೆ ಹತ್ತಾಯಿತು, ಹನ್ನೆರಡಾಯಿತು, ಮೂರೂ ಆಯಿತು. ಆಮೇಲೆ ಸಿಸ್ಟರ್ ಬಂದು ಒಂದೇ ಮಾತು ಹೇಳುತ್ತಾರೆ: 'ಆಜ್ ನಹೀ ಹೋಗಾ.' ಚಿಕ್ಕಪ್ಪ ಏನಂದರು ಎಂದು ನಿಮ್ಮ ಮುಖ ನೋಡುತ್ತಾರೆ.

ಇದಕ್ಕೆ ನಾವು ಸಾಮಾನ್ಯವಾಗಿ ಎರಡೇ ಕಾರಣ ಹುಡುಕುತ್ತೇವೆ. ಒಂದು, ಡಾಕ್ಟರರ ಉದಾಸೀನ. ಇನ್ನೊಂದು, ದೊಡ್ಡವರ ಶಿಫಾರಸು. ಎರಡೂ ಇರಬಹುದು, ಇಲ್ಲವೆನ್ನಲಾರೆ. ಆದರೆ ಬಹಳಷ್ಟು ಸಲ ತಪ್ಪು ಇರುವುದು ಪಟ್ಟಿ ಹಾಕುವ ರೀತಿಯಲ್ಲಿ. ಆ ಪಟ್ಟಿಯ ಬಗ್ಗೆಯೇ ಇವತ್ತಿನ ಮಾತು.

ಹೃದಯದ ಬೈಪಾಸ್ ಆಪರೇಷನ್ನನ್ನೇ ತೆಗೆದುಕೊಳ್ಳಿ. ಸರ್ಜನ್ ಒಬ್ಬರಿದ್ದರೆ ಸಾಲದು. ಅರಿವಳಿಕೆ ತಜ್ಞರು ಬೇಕು, ಹಾರ್ಟ್-ಲಂಗ್ ಯಂತ್ರ ಬಳಸುವುದಾದರೆ ಅದನ್ನು ನಡೆಸುವವರು ಬೇಕು, ಹೊಂದುವ ರಕ್ತ ಸಿದ್ಧವಿರಬೇಕು, ಉಪಕರಣಗಳು ಕ್ರಿಮಿಶುದ್ಧವಾಗಿ ಬಂದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಪರೇಷನ್ ಮುಗಿದ ಮೇಲೆ ಮಲಗಿಸಲು ಐಸಿಯುನಲ್ಲಿ ಒಂದು ಹಾಸಿಗೆ ಖಾಲಿಯಿರಬೇಕು. ಅಲ್ಲಿ ನಿನ್ನೆ ಮಲಗಿದ್ದವರು ಇನ್ನೂ ಚೇತರಿಸಿಕೊಂಡಿಲ್ಲವೆಂದರೆ, ಕೆಳಗೆ ಎಲ್ಲವೂ ಸಿದ್ಧವಿದ್ದರೂ ಇವತ್ತಿನವರನ್ನು ಒಳಗೆ ಕರೆದುಕೊಳ್ಳುವಂತಿಲ್ಲ. ಚಿಕ್ಕಪ್ಪನ ಸರದಿ ತಪ್ಪಿದ್ದು ಆಪರೇಷನ್ ಥಿಯೇಟರಿನಲ್ಲಲ್ಲ, ಎರಡು ಮಹಡಿ ಮೇಲೆ!

ಮದುರೈಯ ಅರವಿಂದ್ ಕಣ್ಣಾಸ್ಪತ್ರೆಯ ಹೆಸರು ನೀವು ಕೇಳಿರುತ್ತೀರಿ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿಯವರು ನಿವೃತ್ತರಾದ ಮೇಲೆ 11 ಹಾಸಿಗೆಗಳಿಂದ ಶುರು ಮಾಡಿದ್ದು. ಅಲ್ಲಿ ಒಬ್ಬ ಸರ್ಜನ್‌ಗೆ ಎರಡು ಮೇಜು. ಒಂದರ ಮೇಲೆ ಪೊರೆ ತೆಗೆಯುತ್ತಿರುವಾಗಲೇ ಪಕ್ಕದ ಮೇಜಿನ ಮೇಲೆ ಮುಂದಿನವರು ಸಿದ್ಧವಾಗಿರುತ್ತಾರೆ. ಡಾಕ್ಟರು ತಿರುಗಿ ಕುಳಿತರೆ ಆಯಿತು. ಅದ್ಭುತವಾದ ಕ್ರಮ. ಆದರೆ ಕಣ್ಣಿನ ಪೊರೆಗೆ ಒಪ್ಪುವ ಲೆಕ್ಕ ಹೃದಯಕ್ಕೆ, ಮಿದುಳಿಗೆ ಒಪ್ಪುವುದಿಲ್ಲ. ಅಲ್ಲಿ ಆಪರೇಷನ್ ಇಷ್ಟೇ ಹೊತ್ತು ಎಂದು ಹೇಳಲಾಗದು, ಮುಗಿದ ಮೇಲೆ ಎದ್ದು ನಡೆಯುವ ಪ್ರಶ್ನೆಯೂ ಇಲ್ಲ.

ಹಾಗಾದರೆ ಉಪಾಯವೇನು? ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನ ಕಥೆ ಕೇಳಿ. ಅಲ್ಲಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ 32 ಆಪರೇಷನ್ ಕೋಣೆಗಳಿದ್ದವು. 2002ರ ಹೊತ್ತಿಗೆ ಎಲ್ಲವೂ ಭರ್ತಿ. ಅಪಘಾತದ ಒಬ್ಬ ಗಾಯಾಳು ಬಂದರೆ ಇಡೀ ದಿನದ ಪಟ್ಟಿ ತಲೆಕೆಳಗು. ರಾತ್ರಿ ಎರಡು ಗಂಟೆಗೂ ಆಪರೇಷನ್ ನಡೆಯುತ್ತಿದ್ದವು. ಆಗ ಬಂದ ಸಲಹೆ: ಒಂದು ಕೋಣೆಯನ್ನು ಖಾಲಿ ಬಿಡಿ. ತುರ್ತಾಗಿ ಬಂದವರಿಗೆ ಮಾತ್ರ ಅದು.

ಇರುವುದೇ ಸಾಲದು, ಅದರಲ್ಲೂ ಒಂದನ್ನು ಖಾಲಿ ಬಿಡುವುದೇ ಎಂದು ಅಲ್ಲಿನವರು ಕೇಳಿದ್ದು ಸಹಜ. ಆದರೂ ಬಿಟ್ಟು ನೋಡಿದರು. ಒಟ್ಟು ಆಪರೇಷನ್‌ಗಳ ಸಂಖ್ಯೆ ಶೇಕಡಾ 5ರಷ್ಟು ಹೆಚ್ಚಿತು. ಮಧ್ಯಾಹ್ನ 3ರ ಮೇಲೆ ನಡೆಯುತ್ತಿದ್ದವು ಶೇಕಡಾ 45ರಷ್ಟು ಇಳಿದವು. ಗಾಯಾಳು ಬಂದರೆ ಅವರಿಗೊಂದು ಕೋಣೆ ಇತ್ತು, ಉಳಿದವರ ಸರದಿ ಅಲುಗಾಡಲಿಲ್ಲ.

ನಮ್ಮ ಸ್ಟುಡಿಯೋದಲ್ಲಿ ಕೆಲಸ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಭಾಷಣಕಾರರು ಮೂರು ನಿಮಿಷ ಎಳೆದರೆ ವಾರ್ತೆಯನ್ನು ಮುಂದೆ ಹಾಕಲಾಗದು. ಆದ್ದರಿಂದ ನಡುವೆ ವಾದ್ಯಸಂಗೀತಕ್ಕೆಂದು ಒಂದಿಷ್ಟು ಜಾಗ ಇಟ್ಟಿರುತ್ತೇವೆ. ನೀವು ಕೇಳುವ ಆ ಎರಡು ನಿಮಿಷದ ಕೊಳಲು ಸುಮ್ಮನೆ ಬಂದದ್ದಲ್ಲ.

ಇನ್ನೊಂದು ಅಚ್ಚರಿಯ ವಿಷಯ. ಯುಜೀನ್ ಲಿಟ್ವಾಕ್ ಎಂಬ ತಜ್ಞರು ಬೋಸ್ಟನ್ನಿನಲ್ಲಿ ಆಸ್ಪತ್ರೆಗಳ ದಟ್ಟಣೆಯನ್ನು ಅಧ್ಯಯನ ಮಾಡಿದರು. ಏರುಪೇರಿಗೆ ತುರ್ತು ರೋಗಿಗಳೇ ಕಾರಣ ಎಂದು ಎಲ್ಲರೂ ನಂಬಿದ್ದರು. ನೋಡಿದರೆ, ತುರ್ತಿನವರು ಬರುವುದು ಹೆಚ್ಚುಕಡಿಮೆ ಒಂದೇ ಹದದಲ್ಲಿ. ಏರುಪೇರಾಗುತ್ತಿದ್ದುದು ಮೊದಲೇ ತಾರೀಕು ಕೊಟ್ಟ ಆಪರೇಷನ್‌ಗಳಲ್ಲಿ! ವಾರದ ಕೆಲವು ದಿನ ಗುಡ್ಡೆ ಬೀಳುತ್ತವೆ, ಕೆಲವು ದಿನ ಹಾಸಿಗೆ ಖಾಲಿ. ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯವರು ಅವರ ಮಾತಿನಂತೆ, ಐಸಿಯು ಬೇಕಾಗುವ ಆಪರೇಷನ್‌ಗಳನ್ನು ದಿನಕ್ಕೆ ಇಷ್ಟೇ ಎಂದು ಹಂಚಿದರು. ತಾರೀಕು ಕೊಡುವಾಗಲೇ ಹಾಸಿಗೆಯ ಲೆಕ್ಕವನ್ನೂ ಹಿಡಿದರು.

ನಮ್ಮ ದೊಡ್ಡ ಸರ್ಕಾರಿ ಆಸ್ಪತ್ರೆಗಳ ಜನಜಂಗುಳಿಯಲ್ಲಿ ಇದು ಸಾಧ್ಯವೇ ಎಂದರೆ, ಕೋಣೆ ಖಾಲಿ ಬಿಡುವುದು ಕಷ್ಟವಾದೀತು. ಆದರೆ ಹಂಚಿ ಹಾಕುವುದಕ್ಕೆ ಹೊಸ ಕಟ್ಟಡ ಬೇಡ. ಸರ್ಜನ್‌ಗಳು ತಮ್ಮ ತಮ್ಮ ಮೆಚ್ಚಿನ ವಾರವನ್ನು ಬಿಟ್ಟುಕೊಡಬೇಕು, ಅಷ್ಟೆ. ಅದೇ ಎಲ್ಲಕ್ಕಿಂತ ಕಷ್ಟ ಎಂದು ನನಗನ್ನಿಸುತ್ತದೆ.

ಪಟ್ಟಿಯಲ್ಲಿ ನಿಮಗಿಂತ ಹಿಂದಿನವರು ಮುಂದೆ ಹೋದರೆ ಜಗಳಕ್ಕೆ ಹೋಗುವ ಮುನ್ನ ಇಷ್ಟು ತಿಳಿದಿರಿ. ಚಿಕ್ಕ ಮಕ್ಕಳನ್ನೂ ಸಕ್ಕರೆ ಕಾಯಿಲೆಯವರನ್ನೂ ಸಾಮಾನ್ಯವಾಗಿ ಮೊದಲು ತೆಗೆದುಕೊಳ್ಳುತ್ತಾರೆ, ಅವರಿಗೆ ಹಸಿವು ತಡೆಯದು. ಸೋಂಕಿರುವ ಗಾಯದವರನ್ನು ಕೊನೆಗೆ ಇಡುತ್ತಾರೆ.

ನಮ್ಮ ಕಡೆಯಿಂದಲೂ ಸರದಿ ತಪ್ಪುವುದುಂಟು. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯ ಹೇಳಿರುವುದಿಲ್ಲ, ಕೆಮ್ಮು ಜ್ವರವನ್ನು ಮುಚ್ಚಿಟ್ಟಿರುತ್ತೇವೆ, ಬಿಪಿ ಏರಿರುತ್ತದೆ, ಒಂದು ವರದಿ ಊರಲ್ಲೇ ಉಳಿದಿರುತ್ತದೆ. ಆದ್ದರಿಂದ ಅರಿವಳಿಕೆ ತಜ್ಞರ ತಪಾಸಣೆಗೆ ಎಲ್ಲ ಔಷಧಿಗಳನ್ನೂ ಚೀಲದ ಸಮೇತ ಒಯ್ಯಿರಿ. ಯಾವ ಮಾತ್ರೆ ನಿಲ್ಲಿಸಬೇಕು, ಯಾವಾಗ ಎಂದು ಅವರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಹಿಂದಿನ ದಿನ ಸಂಜೆ ವಾರ್ಡಿನಲ್ಲಿ ಮೂರು ಪ್ರಶ್ನೆ ಕೇಳಿ. ನಾಳೆಯ ಪಟ್ಟಿಯಲ್ಲಿ ನಮ್ಮದು ಎಷ್ಟನೆಯದು? ಐಸಿಯು ಹಾಸಿಗೆ ಕಾದಿರಿಸಿದೆಯೇ? ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದು? ಈ ಮೂರನೆಯದನ್ನು ಮರೆಯಬೇಡಿ. ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ಬರಿಯ ನೀರನ್ನು ಬಹುತೇಕ ರೋಗಿಗಳು ಕುಡಿಯಬಹುದೆಂದು ಇಂದಿನ ನಿಯಮಗಳು ಹೇಳುತ್ತವೆ. ಚಿಕ್ಕಪ್ಪನ ಹೆಸರು ಪಟ್ಟಿಯಲ್ಲಿ ನಾಲ್ಕನೆಯದಾಗಿದ್ದರೆ, ಡಾಕ್ಟರರು ಒಪ್ಪಿದರೆ, ಮಧ್ಯರಾತ್ರಿಯಿಂದ ಅವರ ಗಂಟಲು ಒಣಗಿಸಬೇಕಾಗಿಲ್ಲ.