ಚಲಿಸುವ ಮನೆಗೆ ನಿಲ್ಲುವ ತಾಣ



ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಅಜ್ಜಿಯ ಊರಿನಲ್ಲಿದ್ದು ಬಂದು ನಿಮ್ಮ ಸೈಕಲ್ಲನ್ನು ಹೊರತೆಗೆದಾಗ ಏನು ಕಂಡಿರಿ? ಚಕ್ರದಲ್ಲಿ ಗಾಳಿಯಿಲ್ಲ, ಚೈನಿಗೆ ತುಕ್ಕು. ಯಾರೂ ಓಡಿಸದಿದ್ದರೂ ಅದು ಕೆಟ್ಟಿತು. ಓಡಿಸದೆ ಬಿಟ್ಟದ್ದರಿಂದಲೇ ಕೆಟ್ಟಿತು ಎಂದರೂ ಸರಿಯೇ. ಈ ಅನುಭವವನ್ನು ನೆನಪಿನಲ್ಲಿಟ್ಟುಕೊಂಡು ಅಮೆರಿಕದ ಒಂದು ಉದ್ಯಮವನ್ನು ನೋಡೋಣ.

ಅಲ್ಲಿ ಆರ್.ವಿ. ಎಂದು ಕರೆಯುವ ಪ್ರವಾಸಿ ವಾಹನಗಳಿವೆ. ಹೆಸರಿಗೆ ವಾಹನ, ಒಳಗೆ ಮಂಚ, ಒಲೆ, ಸ್ನಾನದ ಕೋಣೆ, ನೀರಿನ ಟ್ಯಾಂಕು ಎಲ್ಲವೂ ಇರುವ ಮನೆ. ದೊಡ್ಡವು 45 ಅಡಿ ಉದ್ದವಿರುತ್ತವೆ. ನಮ್ಮ ಸಾಮಾನ್ಯ ಬಸ್ಸಿಗಿಂತಲೂ ಉದ್ದ! ಇಂಥವನ್ನು ಮನೆಯೆದುರು ತಿಂಗಳುಗಟ್ಟಲೆ ನಿಲ್ಲಿಸಲು ಅಲ್ಲಿನ ಅನೇಕ ನಗರಗಳ, ಬಡಾವಣೆಗಳ ನಿಯಮಗಳು ಒಪ್ಪುವುದಿಲ್ಲ. ಹಾಗಾಗಿ ಬಾಡಿಗೆಗೆ ವಾಹನ ನಿಲ್ಲಿಸಿಕೊಳ್ಳುವ ತಾಣಗಳು ಹುಟ್ಟಿಕೊಂಡಿವೆ.

ಮಾಲೀಕರು ಅಲ್ಲಿ ಬಯಸುವುದು ಬರೀ ಜಾಗವನ್ನೇ? ಅಲ್ಲ. ಬಿಟ್ಟುಹೋದ ಮನೆ ಬಿಟ್ಟುಹೋದ ಹಾಗೆಯೇ ಸಿಗಬೇಕು ಎಂಬುದು ಅವರ ಬಯಕೆ.

ಉತ್ತರದ ಮಿನ್ನೆಸೋಟ ರಾಜ್ಯವನ್ನು ತೆಗೆದುಕೊಳ್ಳಿ. ಚಳಿಗಾಲದಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಕೊಳವೆಯಲ್ಲಿ ನೀರು ಉಳಿದಿದ್ದರೆ ಕೊಳವೆಯೇ ಒಡೆಯುತ್ತದೆ. ಅದು ತಿಳಿಯುವುದು ವಸಂತದಲ್ಲಿ ನಲ್ಲಿ ತಿರುಗಿಸಿದಾಗ. ಆದ್ದರಿಂದ ಟ್ಯಾಂಕು ಖಾಲಿ ಮಾಡಲು, ಕೊಳೆನೀರು ಹೊರಬಿಡಲು ತಾಣದಲ್ಲೇ ವ್ಯವಸ್ಥೆ ಬೇಕು.

ಇನ್ನು ಬ್ಯಾಟರಿ. ಪೂರ್ತಿ ಚಾರ್ಜ್ ಆಗಿರುವ ಸೀಸ-ಆಮ್ಲ ಬ್ಯಾಟರಿ ಸೊನ್ನೆಗಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಸುಮಾರು 8 ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ನಿಂತ ಬ್ಯಾಟರಿ ತಾನಾಗಿಯೇ ಬರಿದಾಗುವುದರಿಂದ ಪಕ್ಕದಲ್ಲೊಂದು ವಿದ್ಯುತ್ ಪ್ಲಗ್ಗು ಬೇಕೆಂದು ಮಾಲೀಕರು ಕೇಳುತ್ತಾರೆ.

ಈಗ ದಕ್ಷಿಣದ ಅರಿಜೋನಾ ರಾಜ್ಯಕ್ಕೆ ಬನ್ನಿ. ಅಲ್ಲಿ ಶತ್ರು ಚಳಿಯಲ್ಲ, ಬಿಸಿಲು. ಫೀನಿಕ್ಸ್ ನಗರದಲ್ಲಿ ಬೇಸಿಗೆಯ ಉಷ್ಣತೆ 43 ಡಿಗ್ರಿ ಮುಟ್ಟುವುದು ಸಾಮಾನ್ಯ. ಸೂರ್ಯನ ಅತಿನೇರಳೆ ಕಿರಣಗಳು ಟೈರಿನ ರಬ್ಬರನ್ನೂ ಮಾಡಿನ ಅಂಚಿನ ಅಂಟನ್ನೂ ಬಿರುಕುಗೊಳಿಸುತ್ತವೆ. ಇಲ್ಲಿನ ಮಾಲೀಕರಿಗೆ ಮೊದಲು ಬೇಕಾದದ್ದು ನೆರಳು.

ಎರಡೂ ಕಡೆ ಸಮಾನವಾದ ಬೇಡಿಕೆಗಳೂ ಇವೆ. ಉದ್ದದ ವಾಹನ ತಿರುಗಲು ಅಗಲವಾದ ದಾರಿ, ಭದ್ರವಾದ ಬೇಲಿ, ದೀಪ, ಕಾವಲು ಕ್ಯಾಮೆರಾ. ಒಳಗೆ ಗೂಡು ಕಟ್ಟಿ ತಂತಿ ಕಡಿಯುವ ಇಲಿಗಳ ಹತೋಟಿ. ಎಲ್ಲಕ್ಕಿಂತ ಮುಖ್ಯವಾಗಿ, ಬೇಕೆಂದಾಗ ಬಂದು ನೋಡಿಹೋಗುವ ಸ್ವಾತಂತ್ರ್ಯ. ಬೀಗ ಬೇಕು, ಆದರೆ ಆ ಬೀಗ ತನಗೇ ಅಡ್ಡಿಯಾಗಬಾರದು!

ಮಿತ್ರರೇ, ನಾಳೆ ನಿಮ್ಮಲ್ಲಿ ಯಾರಾದರೂ ಉದ್ಯಮ ಆರಂಭಿಸಬಹುದು. ಅದು ಗೋದಾಮಾಗಿರಲಿ, ಬಸ್ ನಿಲ್ದಾಣದ ಬಳಿಯ ಸೈಕಲ್ ಸ್ಟ್ಯಾಂಡೇ ಆಗಿರಲಿ, ಗಿರಾಕಿಯನ್ನು "ಎಷ್ಟು ಜಾಗ ಬೇಕು?" ಎಂದಷ್ಟೇ ಕೇಳಬೇಡಿ. "ಬಿಟ್ಟುಹೋದ ಮೇಲೆ ನಿಮಗೆ ಯಾವುದರ ಚಿಂತೆ?" ಎಂದೂ ಕೇಳಿ. ಆತ ಬಾಡಿಗೆ ಕೊಡುವುದು ನೆಲಕ್ಕಷ್ಟೇ ಅಲ್ಲ, ನೆಮ್ಮದಿಗೆ.

ಅಂದ ಹಾಗೆ, ಮುಂದಿನ ರಜೆಗೆ ಹೊರಡುವ ಮುನ್ನ ಸೈಕಲ್ ಚೈನಿಗೆ ಎರಡು ಹನಿ ಎಣ್ಣೆ ಬಿಟ್ಟು ನೆರಳಿನಲ್ಲಿ ನಿಲ್ಲಿಸಿ.